ನೂರೆಂಬತ್ತಮೂರನೇ ಪುಟ

ಅರಸೀಕೆರೆಯಿಂದ ಹಾಸನಕ್ಕೆ ಪ್ಯಾಸೆಂಜರ್ ಗಾಡಿ.
ಹೋಗುವಾಗ ಹನ್ನೆರಡು ಪುಟ, ಬರುವಾಗ ಎಂಟು;
ಸಂಜೆ ಸೀಟು ಸಿಗುವುದಿಲ್ಲ, ಬೆಳಕೂ ಕಡಿಮೆ.
ಹೀಗೆ ಮುಗಿಸಿದೆ ಈ ಕಾದಂಬರಿಯನ್ನು,
ಲೈಬ್ರರಿಯದು, ಬೆನ್ನಿಗೆ ಖಾಕಿ ಟೇಪು.

ಕತೆ ಇಷ್ಟೇ: ಒಂದೂರು, ಇಬ್ಬರು ಹುಡುಗರು,
ಹದಿನಾರು ತುಂಬಿಲ್ಲ. ಒಬ್ಬನಿಗೆ ಮೀಸೆ ಬಂದಿದೆ,
ಇನ್ನೊಬ್ಬನಿಗೆ ಅದೇ ಚಿಂತೆ.
ಸೈಕಲ್ ರೇಸು. ಒಂದೇ ಬೆಳ್ಳಿ ಲೋಟ.
ಲೇಖಕರೇ, ಮೊದಲ ನೂರು ಪುಟ ಚೆನ್ನಾಗಿ ಬರೆದಿರಿ.
ಬೆಳಗಾಗೆದ್ದು ಅವನು ದೇವರ ಪಟ ನೋಡುವ ಮೊದಲು
ಎದುರುಮನೆ ಸೈಕಲ್ಲು ಹೊರಟಿತೇ ಎಂದು ನೋಡುತ್ತಾನಲ್ಲ,
ಅಲ್ಲಿ ಪುಸ್ತಕ ಮಡಿಚಿ ಬಾಗೇಶಪುರದ ಜಾಲಿಮರಗಳನ್ನು
ಸ್ವಲ್ಪ ಹೊತ್ತು ನೋಡಿದೆ.
ಪ್ರೀತಿಸಿದವರನ್ನೂ ನಾನು ಅಷ್ಟು ಕಾದವಳಲ್ಲ.

ನನ್ನದು ಸೈಕಲ್ಲಲ್ಲ, ಟೈಪ್‌ರೈಟರು.
ಬಿ.ಎಚ್. ರಸ್ತೆಯಲ್ಲಿ ಕೊಬ್ಬರಿ ಮಂಡಿಯ ಮೇಲೆ
ಮರದ ಮೆಟ್ಟಿಲು ಹತ್ತಿದರೆ ಗುರುಪಾದಪ್ಪ ಮೇಷ್ಟ್ರ ಇನ್‌ಸ್ಟಿಟ್ಯೂಟು.
ಒಂಬತ್ತು ಮೆಷಿನು, ಅದರಲ್ಲಿ ಒಳ್ಳೆಯವು ಮೂರು,
ಮೂರರಲ್ಲಿ ರಾಣಿ ಕಿಟಕಿ ಪಕ್ಕದ್ದು.
ಅದಕ್ಕಾಗಿ ನಾನು ಐದೂವರೆಗೆ ಎದ್ದರೆ ಜೆಸಿಂತಾ ಐದಕ್ಕೆ.
ನಾನು ಐದಕ್ಕೆಂದರೆ ಅವಳು ಮುಖವನ್ನೂ ತೊಳೆಯದೆ.
ರೈಲ್ವೆ ಕ್ವಾರ್ಟರ್ಸಿನ ಹುಡುಗಿ, ಗ್ಯಾಂಗ್‌ಮನ್ ಮಗಳು,
ಎಡಗೈ ಕಿರುಬೆರಳು ಚಿಕ್ಕಂದಿನಲ್ಲೇ ಸೊಟ್ಟಗಾಗಿತ್ತು;
ಆ ಬೆರಳಲ್ಲೇ ನನ್ನನ್ನು ಸೋಲಿಸುತ್ತಿದ್ದಳು.
ಮಾತಿಲ್ಲ. ಒಂದು ವರ್ಷ ನಾವು ಆಡಿದ್ದೆಲ್ಲ
ಟಕಟಕ, ಗಂಟೆ, ಕ್ಯಾರೇಜ್ ಎಳೆದ ಸದ್ದು.

ನೂರೆಂಬತ್ತಮೂರನೇ ಪುಟದಲ್ಲಿ ನಿಮ್ಮ ಹುಡುಗ
ರೇಸಿನ ಹಿಂದಿನ ರಾತ್ರಿ ಇನ್ನೊಬ್ಬನ ವಾಲ್‌ಟ್ಯೂಬು ಸಡಿಲಿಸುತ್ತಾನೆ.
ಕೈ ನಡುಗಿತು, ನಾಯಿ ಬೊಗಳಿತು, ಚಂದ್ರ ಮರೆಯಾದ ಎಂದಿದ್ದೀರಿ.
ನನಗಿಂತ ಮೊದಲು ಓದಿದವರಾರೋ ಅದರಡಿಗೆ
ಹಸಿರು ಶಾಯಿಯ ಗೆರೆ ಎಳೆದು "ಅಯ್ಯೋ ಪಾಪ" ಎಂದು ಬರೆದಿದ್ದಾರೆ.
ಯಾರು ಪಾಪ?
ಹಾಗೆ ಆಗುವುದಿಲ್ಲ, ಸ್ವಾಮಿ. ನಾಯಿ ಬೊಗಳುವುದಿಲ್ಲ.
ಕೈ ಬೇಕಾಗುವುದೂ ಇಲ್ಲ.
ಪರೀಕ್ಷೆಗೂ ಅದೇ ಕೋಣೆ, ಚೀಟಿ ಎತ್ತಿ ಮೆಷಿನು;
ಅವಳಿಗೆ ಬಂದದ್ದು ಏಳನೇ ನಂಬರು.
ಅದರ ರಿಬ್ಬನ್ ಗಾಲಿ ಅರ್ಧ ಪುಟಕ್ಕೆ ಕಚ್ಚಿಕೊಳ್ಳುವುದು
ನನಗೆ ಗೊತ್ತಿತ್ತು. ಪೆನ್ಸಿಲ್ ತುದಿಯಿಂದ ಒಮ್ಮೆ ತಿವಿದರೆ ಸಾಕೆಂದೂ
ಗೊತ್ತಿತ್ತು. ಕೂರುವ ಮೊದಲು ಅವಳು ನನ್ನ ಕಡೆ ನೋಡಿದಳು.
ನಾನು ಕಾಗದದ ಅಂಚು ಸರಿಮಾಡಿಕೊಂಡೆ.
ಅಷ್ಟೇ.

ಹನ್ನೊಂದನೇ ಸಾಲಿಗೋ ಹನ್ನೆರಡಕ್ಕೋ
ಪಕ್ಕದ ಟಕಟಕ ನಿಂತಿತು.
ನಾನು ನಿಲ್ಲಲಿಲ್ಲ. ಒಂದೂ ತಪ್ಪಿಲ್ಲದೆ ಹೊಡೆದೆ.
ಆಮೇಲೆ ಸ್ಟೇಷನ್ನಿನೆದುರು ಎರಡು ತಟ್ಟೆ ಇಡ್ಲಿ ತಿಂದು
ಇನ್ನೊಂದು ಕೇಳಿದೆ.
ಇದನ್ನು ಬರೆಯಬೇಕಿತ್ತು ನೀವು, ಆ ಹಸಿವನ್ನು.

ಕೊನೆಯ ಅಧ್ಯಾಯದಲ್ಲಿ ಇಬ್ಬರಿಗೂ ನರೆತ ಕೂದಲು,
ಮದುವೆಮನೆ ಪಂಕ್ತಿಯಲ್ಲಿ ಪಕ್ಕಪಕ್ಕ ಎಲೆ.
ಒಬ್ಬ ಹೇಳಿಬಿಡುತ್ತಾನೆ. ಇನ್ನೊಬ್ಬ, "ಆಗಲೇ ಗೊತ್ತಿತ್ತು ಕಣೋ" ಎಂದು
ತನ್ನೆಲೆಯ ಹೋಳಿಗೆ ಎತ್ತಿ ಅವನೆಲೆಗೆ ಹಾಕುತ್ತಾನೆ.
ನಾನೂ ಅತ್ತೆ, ಒಪ್ಪುತ್ತೇನೆ, ಟಿ.ಸಿ.ಯ ಎದುರಿಗೇ.
ಕಣ್ಣೊರೆಸಿಕೊಂಡ ಮೇಲೆ ಸಿಟ್ಟು ಬಂತು.
ಯಾರ ಹೋಳಿಗೆ ಅದು, ಹಂಚಲು ನೀವು ಯಾರು?
ಜೆಸಿಂತಾ ಮತ್ತೆ ಪರೀಕ್ಷೆ ಕಟ್ಟಿದಳೋ ಇಲ್ಲವೋ. ಆ ಮೇ ತಿಂಗಳಲ್ಲೇ
ಅವರಪ್ಪನಿಗೆ ಬೀರೂರಿಗೋ ಹರಿಹರಕ್ಕೋ ವರ್ಗವಾಯಿತು.
ನನಗೆ ಗೊತ್ತಿಲ್ಲ, ಗೊತ್ತುಮಾಡಿಕೊಳ್ಳಲೂ ಇಲ್ಲ.
ಕೋರ್ಟಿನಲ್ಲಿ ಈಗ ಕಂಪ್ಯೂಟರು, ಕೀಲಿಗಳಿಗೆ ಸದ್ದಿಲ್ಲ.
ಆದರೂ ಪಕ್ಕದ ಹುಡುಗ ಮೊಬೈಲು ನೋಡಲು ಕೈ ತೆಗೆದರೆ
ನನ್ನ ಬೆರಳು ತಾನಾಗಿ ನಿಲ್ಲುತ್ತದೆ,
ಸಾಕ್ಷಿ ಹೇಳುತ್ತಿರುವವನು ಮುಂದೆ ಹೋಗಿಬಿಡುತ್ತಾನೆ.

ನಿನ್ನೆ ಪುಸ್ತಕ ವಾಪಸು ಕೊಟ್ಟೆ. ಒಂಬತ್ತು ದಿನ ತಡ.
"ಹೇಗಿದೆ ಮೇಡಂ?" ಎಂದ ಲೈಬ್ರರಿಯ ದಸ್ತಗೀರ್, ಚಿಲ್ಲರೆ ಎಣಿಸುತ್ತಾ.
ಚೆನ್ನಾಗಿದೆ, ಎಂದೆ. ನಿಮ್ಮ ಮಗಳಿಗೂ ಕೊಡಿ, ಓದಲಿ.
ಹಸಿರು ಶಾಯಿಯ ಕೆಳಗೆ ನಾನೂ ಒಂದು ಸಾಲು ಬರೆದದ್ದನ್ನು
ಅವನಿಗೆ ಹೇಳಲಿಲ್ಲ. ಬೇಕಾದವರು ಅಳಿಸಬಹುದು,
ಬರೆದದ್ದು ಪೆನ್ಸಿಲಿನಲ್ಲಿ.
ಪೆನ್ಸಿಲು ಅವತ್ತೂ ನನ್ನ ಚೀಲದಲ್ಲಿತ್ತು.